ಶಿರಸ್ತ್ರಾಣದ ಕೆಳಗಣ ಯಂತ್ರ

ತೆರೆಯ ಮೇಲೆ ಹಳದಿ ಬಣ್ಣದ ಶಿರಸ್ತ್ರಾಣವೊಂದು ನೆಲಕ್ಕೆ ಬೋರಲಾಗಿ ಬಿದ್ದಿದೆ. ಕಟ್ಟಡದ ಕೆಲಸಗಾರರು ತಲೆಗೆ ಹಾಕಿಕೊಳ್ಳುವಂಥದು. ಕಥಾನಾಯಕನಾದ ನೀಲಿಯ ಯಂತ್ರಮಾನವನು ದೂರದಲ್ಲಿ ನಿಂತು ಅದರ ಮೇಲೆ ಗುಂಡು ಹಾರಿಸುತ್ತಾನೆ. ಗುಂಡು ‘ಟಿಣ್’ ಎಂದು ಸದ್ದುಮಾಡಿ ಓರೆಯಾಗಿ ಸಿಡಿದುಹೋಗುತ್ತದೆ. ಮತ್ತೊಂದು ಗುಂಡು, ಮತ್ತೆ ಟಿಣ್. ಶಿರಸ್ತ್ರಾಣ ಅಲುಗುವುದಿಲ್ಲ. ನಾಯಕನು ನಾಲ್ಕು ಹೆಜ್ಜೆ ಮುಂದಿಟ್ಟನೋ ಇಲ್ಲವೋ, ಅದು ತಟ್ಟನೆ ಮೇಲಕ್ಕೇಳುತ್ತದೆ. ಕೆಳಗಿನಿಂದ ಎರಡು ದುಂಡು ಕಣ್ಣುಗಳು ಇಣುಕುತ್ತವೆ. ಮೂರು ಗುಂಡುಗಳು ಮೂರು ಓರೆಯಲ್ಲಿ ಹೊರಡುತ್ತವೆ. ನಾಯಕನು ಚೇತರಿಸಿಕೊಳ್ಳುವಷ್ಟರಲ್ಲಿ ಶಿರಸ್ತ್ರಾಣ ಮತ್ತೆ ನೆಲ ಕಚ್ಚಿ ಕುಳಿತಿರುತ್ತದೆ.

ಇದನ್ನು ಕಂಡವರಿಗೆ ಕೆರೆಯಂಚಿನ ಆಮೆಯಾಗಲಿ, ಹೊಲದ ಬದುವಿನ ಮುಟ್ಟಿದರೆ ಮುನಿಯಾಗಲಿ ನೆನಪಿಗೆ ಬಾರದೆ ಇರದು. ಆದರೆ ಆಮೆಗೆ ಮಿದುಳುಂಟು, ಗಿಡಕ್ಕೆ ಜೀವವುಂಟು. ತೆರೆಯ ಮೇಲಣ ಈ ಬೊಂಬೆಗೆ ಏನುಂಟು? ಶತ್ರು ಸಮೀಪಿಸಿದನೆಂದು ಅದಕ್ಕೆ ತಿಳಿಯುವುದು ಹೇಗೆ? ಗುಂಡು ಹಾರಿಸಿದೊಡನೆ ಮುದುಡಿಕೊಳ್ಳಬೇಕೆಂದು ಅದಕ್ಕೆ ಹೇಳಿಕೊಟ್ಟವರಾರು? ಈ ಪುಟ್ಟ ಪ್ರಶ್ನೆಯ ಬೆನ್ನು ಹತ್ತಿ ಹೋದರೆ, ಮುಚ್ಚಿದ ಯಂತ್ರವೊಂದರ ಒಳಗನ್ನು ಹೊರಗಿನಿಂದ ಎಷ್ಟರಮಟ್ಟಿಗೆ ಅರಿಯಬಹುದು ಎಂಬ ದೊಡ್ಡ ಪ್ರಶ್ನೆಯನ್ನು ತಲಪುತ್ತೇವೆ. ಆ ಪ್ರಶ್ನೆಯಲ್ಲಿ ಮನುಷ್ಯರ ಪ್ರಾಣವೂ ಅಡಗಿರುವುದುಂಟು.

ಮೊದಲು ಪರಿಚಯ. ಈ ಶತ್ರುವಿನ ಹೆಸರು ಮೆಟ್. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು ೧೯೮೭ರ ಡಿಸೆಂಬರಿನಲ್ಲಿ ‘ರಾಕ್‌ಮ್ಯಾನ್’ ಎಂಬ ವಿಡಿಯೊ ಆಟವನ್ನು ಹೊರತಂದರು. ಜಪಾನಿನಿಂದ ಹೊರಗೆ ಅದು ‘ಮೆಗಾ ಮ್ಯಾನ್’ ಎಂದು ಹೆಸರಾಯಿತು. ಅಟ್ಟಣೆಯಿಂದ ಅಟ್ಟಣೆಗೆ ನೆಗೆಯುತ್ತ, ಹಳ್ಳಗಳನ್ನು ದಾಟುತ್ತ, ಎದುರಾದ ಶತ್ರುಗಳನ್ನು ಹೊಡೆಯುತ್ತ ಸಾಗುವ ಆಟ ಅದು. ಈ ಬಗೆಯವನ್ನು ಪ್ಲ್ಯಾಟ್‌ಫಾರ್ಮ್ ಆಟಗಳೆನ್ನುತ್ತಾರೆ. ಅದನ್ನು ರೂಪಿಸಿದ ತಂಡದ ಮುಂದಾಳು ಅಕಿರ ಕಿತಾಮುರ. ಡಾಕ್ಟರ್ ವೈಲಿ ಎಂಬ ದುಷ್ಟ ವಿಜ್ಞಾನಿಯು ಕೆಲಸದ ಯಂತ್ರಮಾನವರನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಂಡಿದ್ದಾನೆ. ಡಾಕ್ಟರ್ ಲೈಟ್ ಎಂಬ ಸಜ್ಜನನು ರೂಪಿಸಿದ ನೀಲಿಯ ನಾಯಕನು ಅವರನ್ನು ಎದುರಿಸಬೇಕು. ಕಥೆ ಇಷ್ಟೆ. ಅದರಲ್ಲಿ ಗಟ್ಸ್ ಮ್ಯಾನ್ ಎಂಬ ಬಂಡೆ ಹೊರುವ ದೈತ್ಯನ ಪ್ರಾಂತದಲ್ಲಿ, ಕಟ್ಟಡ ಕಾಮಗಾರಿಯ ವಾತಾವರಣದ ನಡುವೆ, ಮೆಟ್ ಮೊದಲ ಸಲ ಕಾಣಿಸಿಕೊಂಡಿತು. ಅಲ್ಲಿಂದೀಚೆಗೆ ೨೦೧೮ರ ‘ಮೆಗಾ ಮ್ಯಾನ್ ೧೧’ರವರೆಗೂ ಅದು ಈ ಮಾಲೆಯ ಆಟಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಜಪಾನೀಯರು ಹೆಲ್ಮೆಟ್ ಎಂಬ ಶಬ್ದವನ್ನು ‘ಹೆರುಮೆಟ್ಟೊ’ ಎಂದು ಉಚ್ಚರಿಸಿ, ಬಳಕೆಯಲ್ಲಿ ‘ಮೆಟ್ಟೊ’ ಎಂದು ಮೊಟಕುಮಾಡುತ್ತಾರೆ. ಅದರಿಂದ ಹುಟ್ಟಿದ ಹೆಸರು ‘ಮೆಟ್ಟೋರು’; ಇಂಗ್ಲಿಷಿಗೆ ಬಂದಾಗ ಅದು ಮೆಟ್ ಆಯಿತು. ನಮ್ಮ ಮೆಟ್ಟು ಕಾಲಿಗೆ, ಅವರ ಮೆಟ್ಟೊ ತಲೆಗೆ! ಚಿತ್ರಗಳಲ್ಲಿ ಆ ಶಿರಸ್ತ್ರಾಣದ ಮುಂಭಾಗದಲ್ಲಿ ಹಸುರು ಕೂಡುಗೆರೆಯ ಗುರುತೊಂದು ಕಾಣುತ್ತದೆ. ಅದು ಬರಿಯ ಅಲಂಕಾರವಲ್ಲ. ಜಪಾನಿನ ಕಾರ್ಖಾನೆಗಳಲ್ಲಿಯೂ ಕಟ್ಟಡದ ನೆಲೆಗಳಲ್ಲಿಯೂ ‘ಸುರಕ್ಷತೆ ಮೊದಲು’ ಎಂಬುದನ್ನು ಸಾರುವ ಹಸುರು ಶಿಲುಬೆ. ಸುರಕ್ಷತೆಯ ಚಿಹ್ನೆಯನ್ನು ಹೊತ್ತ ಯಂತ್ರವು ಅದರ ಮರೆಯಲ್ಲಿ ಅಡಗಿ ಗುಂಡು ಹಾರಿಸುವುದು ಚಿತ್ರಕಾರರ ವಿನೋದವೆಂದೇ ನಮಗೆ ತೋರುತ್ತದೆ.

ಆಟವಾಡಿದ ಹುಡುಗರನ್ನು ಕೇಳಿ ನೋಡಿ. “ಅದು ಪುಕ್ಕಲು” ಎಂದು ಒಬ್ಬನೆಂದರೆ, “ಹೊಂಚು ಹಾಕುತ್ತದೆ” ಎಂದು ಇನ್ನೊಬ್ಬನು ಹೇಳುವನು. ಅಂಜುವುದು, ಹೊಂಚುವುದು ಮನಸ್ಸಿದ್ದವರ ಕೆಲಸ. ಇಲ್ಲದ ಮನಸ್ಸನ್ನು ನಾವು ಎಷ್ಟು ಸುಲಭವಾಗಿ ಆರೋಪಿಸುತ್ತೇವೆಂಬುದನ್ನು ೧೯೪೪ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ತೋರಿಸಿಕೊಟ್ಟರು. ಎರಡು ತ್ರಿಕೋನಗಳೂ ಒಂದು ವೃತ್ತವೂ, ಬಾಗಿಲಿರುವ ಒಂದು ಆಯತದ ಸುತ್ತಮುತ್ತ ಅತ್ತಿತ್ತ ಚಲಿಸುವ ಕಿರುಚಿತ್ರವನ್ನು ಅವರು ತಯಾರಿಸಿ ಜನರಿಗೆ ತೋರಿಸಿ, ಕಂಡುದನ್ನು ಬರೆಯಲು ಹೇಳಿದರು. ಮೊದಲ ಗುಂಪಿನ ೩೪ ಮಂದಿಯಲ್ಲಿ ಒಬ್ಬರು ಮಾತ್ರ ಆಕೃತಿಗಳ ಚಲನೆಯನ್ನು ರೇಖಾಗಣಿತದ ಮಾತಿನಲ್ಲಿ ವರ್ಣಿಸಿದರು. ಉಳಿದವರು ಕಂಡದ್ದು ಜೀವಿಗಳನ್ನು: ದೊಡ್ಡ ತ್ರಿಕೋನ ಪುಂಡ, ಚಿಕ್ಕದು ಧೀರ, ವೃತ್ತವು ಹೆದರಿದ ಹುಡುಗಿ ಎಂಬಂತೆ ಕಥೆಗಳನ್ನೇ ಹೆಣೆದರು. ಬರಿಯ ತ್ರಿಕೋನಕ್ಕೆ ಇಷ್ಟು ಗೌರವ ಸಲ್ಲುವುದಾದರೆ, ಕಣ್ಣುಗಳೆರಡನ್ನು ಬರೆದ ಮೆಟ್ಟಿಗೆ ಸಲ್ಲುವುದರಲ್ಲಿ ಅತಿಶಯವೇನು?

ಈಗ ಯಂತ್ರದ ಒಳಹೊಕ್ಕು ನೋಡೋಣ. ಆಟವು ನಡೆದುದು ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೮೩ರಲ್ಲಿ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಎಂಬ ಮನೆಬಳಕೆಯ ಗಣಕದಲ್ಲಿ. ಅದರ ಕಾರ್ಯನಿರತ ನೆನಪಿನ ಶಕ್ತಿ ೨,೦೪೮ ಬೈಟುಗಳು ಮಾತ್ರ. ಒಂದು ಬೈಟ್ ಎಂದರೆ ಸೊನ್ನೆಯಿಂದ ೨೫೫ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಇರಿಸಿಕೊಳ್ಳಬಲ್ಲ ಒಂದು ಗೂಡು. ನಾಯಕನ ಸ್ಥಾನ, ಶತ್ರುಗಳ ಸ್ಥಾನ, ಹಾರುವ ಗುಂಡುಗಳು, ಗಳಿಸಿದ ಅಂಕಗಳು, ಸಂಗೀತದ ಮುಂದಿನ ಸ್ವರ ಎಲ್ಲವೂ ಈ ಎರಡು ಸಾವಿರ ಚಿಲ್ಲರೆ ಗೂಡುಗಳಲ್ಲಿಯೇ ಇಡುಕಿರಿದು ಕೂರಬೇಕು. ಕಾರ್ಯಕ್ರಮವೂ ಚಿತ್ರಗಳೂ ಮಾತ್ರ ಆಟದ ಡಬ್ಬಿಯಲ್ಲಿ ಅಳಿಸಲಾಗದಂತೆ ಅಚ್ಚಾಗಿ ಬರುತ್ತಿದ್ದುವು. ಮೊದಲ ಮೆಗಾ ಮ್ಯಾನಿನ ಡಬ್ಬಿಯಲ್ಲಿ ೧೨೮ ಕಿಲೊಬೈಟುಗಳಿದ್ದುವು.

ತೆರೆಯ ಮೇಲಣ ಚಿತ್ರವು ಸೆಕೆಂಡಿಗೆ ೬೦ ಸಲ ಹೊಸದಾಗಿ ಮೂಡುತ್ತದೆ. ಯಂತ್ರದ ಗಡಿಯಾರವು ಸೆಕೆಂಡಿಗೆ ಸುಮಾರು ೧೭ ಲಕ್ಷ ೯೦ ಸಾವಿರ ಸಲ ಮಿಡಿಯುತ್ತದೆ. ಭಾಗಿಸಿ ನೋಡಿದರೆ ಒಂದು ಚಿತ್ರಕ್ಕೆ ೩೦,೦೦೦ಕ್ಕೆ ತುಸು ಕಡಿಮೆ ಮಿಡಿತಗಳು ಸಿಕ್ಕುತ್ತವೆ. ಒಂದು ಅಪ್ಪಣೆಗೆ ಸರಾಸರಿ ನಾಲ್ಕು ಮಿಡಿತವೆಂದು ಹಿಡಿದರೆ, ಒಂದು ಚಿತ್ರ ಅಳಿದು ಇನ್ನೊಂದು ಮೂಡುವುದರೊಳಗೆ ಏಳು ಸಾವಿರದಷ್ಟು ಅಪ್ಪಣೆಗಳನ್ನು ಮಾತ್ರ ನಡೆಸಬಹುದು. ಇಡೀ ಪ್ರಪಂಚದ ವ್ಯವಹಾರವೆಲ್ಲ ಅಷ್ಟರಲ್ಲೇ ಮುಗಿಯಬೇಕು. ಮೆಟ್ಟಿನ ಪಾಲಿಗೆ ಬರುವುದು ಅದರಲ್ಲೊಂದು ಚೂರು.

ಆ ಚೂರಿನಲ್ಲಿ ಮೆಟ್ ಮಾಡುವ ಕೆಲಸವನ್ನು ತಿಳಿವಿಗಾಗಿ ಸರಳಗೊಳಿಸಿ ಹೇಳುತ್ತೇವೆ. ಮೆಟ್ಟಿನ ಅಡ್ಡಸ್ಥಾನವು ಒಂದು ಗೂಡಿನಲ್ಲಿದೆ. ಅದು ೧೮೦ ಎಂದಿಟ್ಟುಕೊಳ್ಳಿ. ನಾಯಕನ ಅಡ್ಡಸ್ಥಾನ ಇನ್ನೊಂದರಲ್ಲಿದೆ. ಅದು ೧೦೦ ಆಗಿರಲಿ. ಒಂದರಿಂದ ಇನ್ನೊಂದನ್ನು ಕಳೆದರೆ ೮೦. ‘೬೪ಕ್ಕಿಂತ ಕಡಿಮೆಯೇ?’ ಎಂದು ಯಂತ್ರ ಕೇಳುತ್ತದೆ. ಅಲ್ಲ. ಹಾಗಾದರೆ ಸುಮ್ಮನಿರು. ಮುಂದಿನ ಚಿತ್ರದಲ್ಲಿ ಇದೇ ಪ್ರಶ್ನೆ. ಅದರ ಮುಂದಿನದರಲ್ಲಿಯೂ ಇದೇ. ನಾಯಕನು ೧೧೭ನೆಯ ಬಿಂದುವಿಗೆ ಬಂದಾಗ ವ್ಯತ್ಯಾಸ ೬೩ ಆಗುತ್ತದೆ, ಉತ್ತರ ಬದಲಾಗುತ್ತದೆ, ಶಿರಸ್ತ್ರಾಣ ಏಳುತ್ತದೆ. ಆಟಗಾರನಿಗೆ ಜಾಗರೂಕತೆಯಾಗಿ ಕಂಡುದು ಒಂದು ವ್ಯವಕಲನ, ಒಂದು ಹೋಲಿಕೆ. ಪ್ರಾಥಮಿಕ ಶಾಲೆಯ ಲೆಕ್ಕ.

ಆ ದುಂಡು ಕಣ್ಣುಗಳು ಏನನ್ನೂ ನೋಡುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿಯು ೧೯೪೮–೪೯ರಲ್ಲಿ ಎರಡು ಯಂತ್ರದ ಆಮೆಗಳನ್ನು ಕಟ್ಟಿದರು. ಎಲ್ಮರ್, ಎಲ್ಸಿ ಎಂದು ಅವುಗಳ ಹೆಸರು. ಅವುಗಳಿಗೂ ಚಿಪ್ಪಿನಂಥ ಹೊದಿಕೆಯಿತ್ತು. ಒಳಗೆ ಎರಡೇ ಎರಡು ನಿರ್ವಾತ ನಳಿಗೆಗಳು, ಬೆಳಕನ್ನು ಅರಿಯುವ ಒಂದು ದ್ಯುತಿಕೋಶ, ತಾಗಿದ್ದನ್ನು ಅರಿಯುವ ಒಂದು ಸಂಪರ್ಕ. ಇಷ್ಟರಿಂದಲೇ ಅವು ಬೆಳಕನ್ನು ಅರಸಿ ಹೋಗುತ್ತಿದ್ದುವು, ಅಡ್ಡಿಯನ್ನು ಬಳಸಿ ನಡೆಯುತ್ತಿದ್ದುವು, ವಿದ್ಯುತ್ಕೋಶ ಬರಿದಾದಾಗ ಗೂಡಿಗೆ ಮರಳುತ್ತಿದ್ದುವು. ಅವು ನೆಲದ ಮೇಲೆ, ನಿಜವಾದ ಬೆಳಕಿನಲ್ಲಿ ಓಡಾಡಿದುವು. ಪ್ರಪಂಚ ಅವುಗಳ ಹೊರಗಿತ್ತು, ಅದನ್ನು ಇಂದ್ರಿಯದ ಮೂಲಕವೇ ತಿಳಿಯಬೇಕಾಗಿತ್ತು. ಮೆಟ್ಟಿಗೆ ಈ ಕಷ್ಟವಿಲ್ಲ. ಅದೂ ಅದರ ಶತ್ರುವೂ ಒಂದೇ ನೆನಪಿನ ಪಕ್ಕಪಕ್ಕದ ಗೂಡುಗಳಲ್ಲಿ ವಾಸಿಸುವ ಸಂಖ್ಯೆಗಳು. ನಡುವೆ ಗೋಡೆಯಿದೆಯೇ ಎಂಬ ಪ್ರಶ್ನೆಯನ್ನು ಕಾರ್ಯಕ್ರಮ ಬರೆದವರು ಬೇಕೆಂದೇ ಸೇರಿಸಿದ ಹೊರತು, ಗೋಡೆಯೂ ಅದಕ್ಕೆ ಅಡ್ಡಿಯಲ್ಲ.

ಗುಂಡು ತಾಗಿತೇ ಎಂಬ ನಿರ್ಣಯವೂ ಇಂಥದೇ. ಗುಂಡಿಗೊಂದು ಆಯತ, ಮೆಟ್ಟಿಗೊಂದು ಆಯತ; ಎರಡೂ ಒಂದರ ಮೇಲೊಂದು ಬಿದ್ದರೆ ತಾಗಿತೆಂದು ಅರ್ಥ. ಹಾಗೆ ತಾಗಿದಾಗ ಯಂತ್ರವು ಮತ್ತೊಂದು ಗೂಡನ್ನು ಇಣುಕಿ ನೋಡುತ್ತದೆ. ಮೆಟ್ ಈಗ ಯಾವ ಸ್ಥಿತಿಯಲ್ಲಿದೆ? ಮುಚ್ಚಿದ್ದರೆ ‘ಟಿಣ್’, ತೆರೆದಿದ್ದರೆ ಮರಣ. ಶಿರಸ್ತ್ರಾಣದ ಗಟ್ಟಿತನವೆಲ್ಲ ಆ ಒಂದು ಸಂಖ್ಯೆಯಲ್ಲಿದೆ.

ಮರಣವೆಂದೆವು. ಈ ಆಟದಲ್ಲಿ ಅದೂ ವಿಚಿತ್ರವಾದುದು. ಮೆಟ್ಟನ್ನು ಕೊಂದು ಮುಂದೆ ಸಾಗಿ, ಆ ಜಾಗ ತೆರೆಯಿಂದ ಮರೆಯಾದ ಮೇಲೆ ಹಿಂದಿರುಗಿ ಬನ್ನಿ. ಅದು ಮೊದಲಿದ್ದಲ್ಲೇ ಏನೂ ಆಗದಂತೆ ಕುಳಿತಿರುತ್ತದೆ. ‘ಇಂಥ ಜಾಗದಲ್ಲಿ ಒಂದು ಮೆಟ್’ ಎಂಬ ಪಟ್ಟಿಯು ಅಳಿಸಲಾಗದ ಡಬ್ಬಿಯಲ್ಲಿದೆ. ಆ ಜಾಗ ತೆರೆಯ ಅಂಚಿಗೆ ಬಂದೊಡನೆ ಅದಕ್ಕೆ ಒಂದಷ್ಟು ಗೂಡುಗಳನ್ನು ಕೊಟ್ಟು ಹುಟ್ಟಿಸುವುದು, ಅಂಚನ್ನು ದಾಟಿದೊಡನೆ ಆ ಗೂಡುಗಳನ್ನು ಕಸಿದುಕೊಳ್ಳುವುದು, ಇದು ಕ್ರಮ. ಕೊಂದವರ ಲೆಕ್ಕವಿಡುವುದು ಇಷ್ಟು ಸಣ್ಣ ನೆನಪಿಗೆ ದುಂದುವೆಚ್ಚ. ಆದ್ದರಿಂದ ಪ್ರತಿಯೊಂದು ಮೆಟ್ಟೂ ನಮ್ಮನ್ನು ಮೊದಲ ಸಲವೇ ಕಾಣುತ್ತದೆ. ನಾವು ಮಾತ್ರ ಅದನ್ನು ನೂರನೆಯ ಸಲ ಕಾಣುತ್ತೇವೆ.

ಹೀಗೆ ಕೆಲವೇ ಸ್ಥಿತಿಗಳನ್ನು ಹೊಂದಿದ್ದು, ಈಗಿನ ಸ್ಥಿತಿ ಮತ್ತು ಈಗ ಒದಗಿದ ಸೂಚನೆ ಇವೆರಡರಿಂದಲೇ ಮುಂದಿನ ಸ್ಥಿತಿಯನ್ನು ನಿರ್ಧರಿಸಿಕೊಳ್ಳುವ ಯಂತ್ರಕ್ಕೆ ಪರಿಮಿತಸ್ಥಿತಿಯ ಯಂತ್ರವೆಂದು ಹೆಸರು. ಮೆಟ್ಟನ್ನು ನಾಲ್ಕು ಸ್ಥಿತಿಗಳಲ್ಲಿ ಚಿತ್ರಿಸಬಹುದು. ಮುಚ್ಚಿಕೊಂಡು ಕಾಯುವುದು ಮೊದಲನೆಯದು. ನಾಯಕ ಹತ್ತಿರ ಬಂದರೆ ಅಲ್ಲಿಂದ ಎರಡನೆಯದಕ್ಕೆ, ಎಂದರೆ ತೆರೆದು ನಿಲ್ಲುವುದಕ್ಕೆ, ಸಾಗುತ್ತದೆ. ಅಲ್ಲಿಂದ ಗುಂಡು ಹಾರಿಸುವುದಕ್ಕೆ. ಹಾರಿಸಿದ ಮೇಲೆ ಮುಚ್ಚಿಕೊಂಡು ಕೊಂಚ ವಿರಮಿಸುವುದಕ್ಕೆ. ವಿರಾಮದ ಎಣಿಕೆ ಮುಗಿದಾಗ ಮತ್ತೆ ಮೊದಲಿನ ಕಾಯುವಿಕೆಗೆ. ಕಾಗದದ ಮೇಲೆ ನಾಲ್ಕು ವೃತ್ತಗಳನ್ನೂ ಅವುಗಳ ನಡುವೆ ಬಾಣಗಳನ್ನೂ ಬರೆದರೆ ಮೆಟ್ಟಿನ ಇಡೀ ‘ಸ್ವಭಾವ’ ಒಂದು ಅಂಗೈಯಗಲದಲ್ಲಿ ಮುಗಿಯುತ್ತದೆ.

ಈ ಚಿತ್ರದಲ್ಲಿ ಒಂದು ಸ್ವಾರಸ್ಯವಿದೆ. ಮೊದಲನೆಯ ಸ್ಥಿತಿಯೂ ಕೊನೆಯ ಸ್ಥಿತಿಯೂ ಹೊರಗಿನಿಂದ ನೋಡಿದವರಿಗೆ ಒಂದೇ! ಎರಡರಲ್ಲಿಯೂ ಕಾಣುವುದು ನೆಲ ಕಚ್ಚಿದ ಶಿರಸ್ತ್ರಾಣ. ಎರಡರಲ್ಲಿಯೂ ಗುಂಡು ಹೊಡೆದರೆ ಟಿಣ್. ಆದರೆ ಒಂದರ ಬಳಿಗೆ ಹೋದರೆ ಅಪಾಯ ತಕ್ಷಣವೇ ಎದುರಾಗುತ್ತದೆ, ಇನ್ನೊಂದರ ಬಳಿಗೆ ಹೋದರೆ ಕ್ಷಣಕಾಲ ಏನೂ ಆಗುವುದಿಲ್ಲ. ಅನುಭವಿಯಾದ ಆಟಗಾರನು ಈ ಕ್ಷಣವನ್ನೇ ನೆಚ್ಚಿಕೊಂಡು ಮೆಟ್ಟಿನ ಮೇಲಿಂದ ನೆಗೆದು ದಾಟುತ್ತಾನೆ. ಕಣ್ಣಿಗೆ ಕಾಣದ ವ್ಯತ್ಯಾಸ ಅವನಿಗೆ ತಿಳಿದುದು ಹೇಗೆ?

ಪ್ರಯೋಗದಿಂದ. ದೂರದಿಂದ ಹೊಡೆದು ನೋಡಿದ; ಫಲವಿಲ್ಲ. ಹೊತ್ತು ಕಳೆದರೆ ತಾನಾಗಿ ಏಳಬಹುದೆಂದು ಊಹಿಸಿ ದೂರದಲ್ಲೇ ನಿಂತ, ಏಳಲಿಲ್ಲ. ಹಾಗಾದರೆ ಕಾರಣ ಕಾಲವಲ್ಲ, ದೂರ. ಹತ್ತಿರ ಹೋದ, ಎದ್ದಿತು. ಎದ್ದು ಮುಚ್ಚಿಕೊಂಡ ಮೇಲೂ ಹತ್ತಿರವೇ ನಿಂತ. ಒಡನೆ ಏಳದೆ ಸ್ವಲ್ಪ ತಡೆದು ಎದ್ದಿತು. ಹಾಗಾದರೆ ಈ ಮುಚ್ಚಿಕೆ ಮೊದಲಿನ ಮುಚ್ಚಿಕೆಯಲ್ಲ. ಒಂದು ಸಂಗತಿಯನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇರಿಸುವ ಈ ಕ್ರಮವನ್ನು ಪ್ರಯೋಗಶಾಲೆಯಲ್ಲಿ ನಾವು ಎಷ್ಟು ಹೇಳಿಕೊಟ್ಟರೂ ಮರೆಯುವ ಹುಡುಗನು, ಇಲ್ಲಿ ಯಾರೂ ಹೇಳಿಕೊಡದೆ ಅದನ್ನು ಅನುಸರಿಸುತ್ತಾನೆ.

ಇದೇ ಪ್ರಶ್ನೆಯನ್ನು ಗಣಿತದ ಕಣ್ಣಿನಿಂದ ನೋಡಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಎಡ್ವರ್ಡ್ ಮೂರ್. ಅವರ ಪ್ರಬಂಧ ೧೯೫೬ರಲ್ಲಿ ಪ್ರಕಟವಾಯಿತು. ಒಂದು ಮುಚ್ಚಿದ ಪೆಟ್ಟಿಗೆ. ಮೇಲೆ ಒತ್ತಲು ಗುಂಡಿಗಳಿವೆ, ನೋಡಲು ದೀಪಗಳಿವೆ. ಬಿಚ್ಚಿ ನೋಡಕೂಡದು. ಗುಂಡಿಗಳನ್ನು ಒತ್ತುತ್ತ ದೀಪಗಳನ್ನು ಗಮನಿಸುತ್ತ ಒಳಗಿನ ಸ್ಥಿತಿಯನ್ನು ಎಷ್ಟರಮಟ್ಟಿಗೆ ಕಂಡುಹಿಡಿಯಬಹುದು? ಮೂರ್ ಅವರ ಒಂದು ಉತ್ತರ ಉತ್ಸಾಹದಾಯಕವಾದುದು. ಎರಡು ಸ್ಥಿತಿಗಳನ್ನು ಹೊರಗಿನಿಂದ ಬೇರ್ಪಡಿಸಲು ಸಾಧ್ಯವೇ ಇದ್ದಲ್ಲಿ, ಅದಕ್ಕೆ ಅತಿ ದೀರ್ಘವಾದ ಪ್ರಯೋಗ ಬೇಕಾಗಿಲ್ಲ. ಯಂತ್ರದ ಒಟ್ಟು ಸ್ಥಿತಿಗಳ ಸಂಖ್ಯೆಗಿಂತ ಒಂದು ಕಡಿಮೆಯಷ್ಟು ಸಲ ಗುಂಡಿ ಒತ್ತಿದರೆ ಸಾಕು. ಕಾಲದ ಎಣಿಕೆಯನ್ನು ಬದಿಗಿಟ್ಟು ಮೆಟ್ಟಿಗೆ ನಾಲ್ಕೇ ಸ್ಥಿತಿಗಳೆಂದು ಹಿಡಿದರೆ, ಹೆಚ್ಚೆಂದರೆ ಮೂರು ಹೆಜ್ಜೆಗಳ ಪ್ರಯೋಗ. ಮುಚ್ಚಿದ ಆ ಎರಡು ಸ್ಥಿತಿಗಳಿಗಾದರೋ ಒಂದೇ ಹೆಜ್ಜೆ ಸಾಕು: ಹತ್ತಿರ ಹೋಗುವುದು.

ಅವರ ಇನ್ನೊಂದು ಉತ್ತರ ಅಷ್ಟು ಹಿತವಾದುದಲ್ಲ. ಒಳಗೆ ಒಟ್ಟು ಎಷ್ಟು ಸ್ಥಿತಿಗಳಿವೆಯೆಂಬುದರ ಮಿತಿ ಮೊದಲೇ ತಿಳಿಯದಿದ್ದರೆ, ಎಷ್ಟು ದೀರ್ಘವಾದ ಪ್ರಯೋಗವನ್ನು ಮಾಡಿದರೂ ಯಂತ್ರವನ್ನು ಪೂರ್ಣವಾಗಿ ಅರಿತೆವೆನ್ನುವಂತಿಲ್ಲ. ಏಕೆಂದರೆ ಆ ಪ್ರಯೋಗದ ಉದ್ದಕ್ಕೂ ಹೀಗೆಯೇ ನಡೆದುಕೊಂಡು, ಅದು ಮುಗಿದ ಮರುಕ್ಷಣದಲ್ಲಿ ಬೇರೆಯಾಗಿ ನಡೆಯುವ ಇನ್ನೊಂದು ಯಂತ್ರವನ್ನು ಯಾವಾಗಲೂ ಕಲ್ಪಿಸಬಹುದು. ಮೆಟ್ಟಿನೊಳಗೆ ಒಂದು ಬೈಟಿನ ಎಣಿಕೆಯನ್ನು ಗುಟ್ಟಾಗಿ ಇಟ್ಟು, ೨೫೬ನೆಯ ಸಲ ತೆರೆದಾಗ ಮಾತ್ರ ಮೂರರ ಬದಲು ನಾಲ್ಕು ಗುಂಡು ಹಾರಿಸುವಂತೆ ಮಾಡಿದ್ದರೆ? ೨೫೫ ಸಲ ನೋಡಿದವನು ‘ಇದು ಮೂರೇ ಹಾರಿಸುತ್ತದೆ’ ಎಂದು ಪ್ರಮಾಣ ಮಾಡಿ ಹೇಳುವನು.

ಆಟದಲ್ಲಿ ಇದರಿಂದ ಒಂದು ಪ್ರಾಣ ಹೋದರೆ ಮತ್ತೆ ಮೊದಲಿನಿಂದ ಆರಂಭಿಸಬಹುದು. ಆದರೆ ಮೆಟ್ ಹುಟ್ಟಿದ ಅದೇ ೧೯೮೭ರ ಜನವರಿಯಲ್ಲಿ, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಯಾಕಿಮಾ ನಗರದ ಆಸ್ಪತ್ರೆಯೊಂದರಲ್ಲಿ ಇದು ಊಹೆಯಾಗಿ ಉಳಿಯಲಿಲ್ಲ. ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ನೀಡುವ ಥೆರಾಕ್–೨೫ ಎಂಬ ಗಣಕಚಾಲಿತ ಯಂತ್ರದಲ್ಲಿ, ಕಿರಣವನ್ನು ಹದಗೊಳಿಸುವ ಭಾಗಗಳು ಸರಿಯಾದ ಜಾಗದಲ್ಲಿವೆಯೇ ಎಂದು ಪರೀಕ್ಷಿಸಬೇಕಾದ ಒಂದು ಹಂತವಿತ್ತು. ಪರೀಕ್ಷೆ ಬೇಕೇ ಬೇಡವೇ ಎಂಬುದನ್ನು ಒಂದು ಬೈಟಿನ ಗೂಡು ಸೂಚಿಸುತ್ತಿತ್ತು: ಸೊನ್ನೆಯಲ್ಲದಿದ್ದರೆ ಪರೀಕ್ಷಿಸು, ಸೊನ್ನೆಯಾದರೆ ಬಿಡು. ಕಾರ್ಯಕ್ರಮ ಬರೆದವರು ಆ ಗೂಡಿನಲ್ಲಿ ಒಂದೇ ನಿಯತ ಸಂಖ್ಯೆಯನ್ನು ಇಡುವುದಕ್ಕೆ ಬದಲಾಗಿ, ಪ್ರತಿ ಸುತ್ತಿಗೂ ಒಂದನ್ನು ಕೂಡುತ್ತ ಹೋಗುವಂತೆ ಬರೆದಿದ್ದರು. ೨೫೫ಕ್ಕೆ ಒಂದನ್ನು ಕೂಡಿದರೆ ಬೈಟಿನಲ್ಲಿ ಜಾಗ ಸಾಲದೆ, ಮೈಲಿಮಾಪಕದ ಅಂಕೆಗಳು ಉರುಳಿದಂತೆ, ಅದು ಸೊನ್ನೆಗೆ ಮರಳುತ್ತದೆ. ಹೀಗಾಗಿ ೨೫೬ ಸುತ್ತಿಗೊಮ್ಮೆ, ಒಂದು ಕ್ಷಣ, ಪರೀಕ್ಷೆ ತಪ್ಪಿಹೋಗುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲಿ ನಡೆಸುವವರು ಗುಂಡಿಯೊತ್ತಿದರು. ರೋಗಿಗೆ ಅಳತೆ ಮೀರಿದ ವಿಕಿರಣ ತಗುಲಿತು. ಅದರ ಪರಿಣಾಮವಾಗಿ ಅವರು ಕೆಲವು ತಿಂಗಳಲ್ಲಿ ತೀರಿಕೊಂಡರು.

೧೯೮೫ರಿಂದ ೧೯೮೭ರವರೆಗೆ ಈ ಜಾತಿಯ ಯಂತ್ರಗಳಿಂದ ಇಂಥ ಆರು ಅಪಘಾತಗಳು ನಡೆದುವು. ಎಲ್ಲಕ್ಕೂ ಕಾರಣ ಇದೊಂದೇ ದೋಷವಲ್ಲ. ಇದರ ಹಿಂದಿನ ಮಾದರಿಯಲ್ಲಿ ಅಪಾಯವನ್ನು ತಡೆಯಲು ಪ್ರತ್ಯೇಕವಾದ ಯಾಂತ್ರಿಕ ಬೀಗಗಳಿದ್ದುವು. ಹೊಸದರಲ್ಲಿ ಅವನ್ನು ಕೈಬಿಟ್ಟು ಕಾರ್ಯಕ್ರಮವನ್ನೇ ನೆಚ್ಚಿದ್ದರು. ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್ ಈ ಪ್ರಕರಣಗಳನ್ನೆಲ್ಲ ಶೋಧಿಸಿ ೧೯೯೩ರಲ್ಲಿ ಪ್ರಕಟಿಸಿದ ವರದಿಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲೇಬೇಕೆಂದು ನಮ್ಮ ಅಭಿಪ್ರಾಯ. ಯಂತ್ರವು ಬಹುಕಾಲ ಸರಿಯಾಗಿ ನಡೆದಿತ್ತೆಂಬುದೇ ಅದು ಸರಿಯಾಗಿದೆಯೆಂಬ ನಂಬಿಕೆಗೆ ಆಧಾರವಾಗಿತ್ತು. ಮೂರ್ ಅವರು ಮೂವತ್ತು ವರ್ಷ ಮೊದಲೇ ‘ಹಾಗೆ ಹೇಳುವಂತಿಲ್ಲ’ ಎಂದು ಸಾಧಿಸಿದ್ದರು.

ಸ್ಥಿತಿಗಳ ಸಂಖ್ಯೆ ಎಷ್ಟು ಬೇಗ ಕೈಮೀರುತ್ತದೆಂಬುದಕ್ಕೆ ನಮ್ಮ ಆಟದ ಗಣಕವೇ ಸಾಕ್ಷಿ. ಅದರ ೨,೦೪೮ ಬೈಟುಗಳೆಂದರೆ ೧೬,೩೮೪ ಬಿಟ್‌ಗಳು. ಒಂದೊಂದೂ ಸೊನ್ನೆ ಇಲ್ಲವೆ ಒಂದು. ಅವುಗಳಿಂದಾಗಬಹುದಾದ ಭಿನ್ನ ಭಿನ್ನ ಸ್ಥಿತಿಗಳನ್ನು ಬರೆಯಲು ೪,೯೩೩ ಅಂಕೆಗಳ ಸಂಖ್ಯೆ ಬೇಕು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಗೆ ೮೦ ಅಂಕೆಗಳಷ್ಟು ಸಾಕು! ಹೀಗಿರುವಾಗ ಎಂಟು ವರ್ಷದ ಮಗುವು ಕೆಲವೇ ನಿಮಿಷಗಳಲ್ಲಿ ಮೆಟ್ಟನ್ನು ಅರಿತುಕೊಳ್ಳುವುದೆಂದರೆ, ಅದು ಮಗುವಿನ ಜಾಣತನದಷ್ಟೇ ಕಾರ್ಯಕ್ರಮ ಬರೆದವರ ಸಂಯಮವೂ ಹೌದು. ಅಷ್ಟು ಅಗಾಧವಾದ ಸಾಧ್ಯತೆಗಳ ನಡುವೆ ಅವರು ಮೆಟ್ಟಿಗಾಗಿ ಆರಿಸಿಕೊಂಡುದು ಅಂಗೈಯಗಲದ ಚಿತ್ರವನ್ನು. ಹೊಡೆಯಬೇಕಾದರೆ ತೆರೆದುಕೊಳ್ಳಲೇಬೇಕು, ತೆರೆದುಕೊಂಡರೆ ಪೆಟ್ಟು ತಿನ್ನಲೇಬೇಕು ಎಂಬ ಅದರ ನಿಯಮದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ. ಅದು ಅಡಗುವುದು ಶಿರಸ್ತ್ರಾಣದ ಕೆಳಗೆ ಮಾತ್ರ. ನಿಯಮದ ಹಿಂದೆ ಅಡಗುವುದಿಲ್ಲ.

ಮುಂದಿನ ಆಟಗಳಲ್ಲಿ ಈ ಚಿತ್ರಕ್ಕೆ ಒಂದೊಂದೇ ವೃತ್ತವನ್ನು ಸೇರಿಸುತ್ತ ಹೋದರು. ೧೯೮೮ರ ಎರಡನೆಯ ಆಟದಲ್ಲಿ ಮೆಟ್ಟಿಗೆ ಕಾಲು ಬಂದುವು. ಎದ್ದು ಗುಂಡು ಹಾರಿಸುವುದರ ಜೊತೆಗೆ ಓಡುವುದನ್ನೂ ಕಲಿಯಿತು. ೧೯೯೦ರ ಮೂರನೆಯದರಲ್ಲಿ ಶಿರಸ್ತ್ರಾಣದ ನೆತ್ತಿಯ ಮೇಲೆ ತಿರುಗುವ ರೆಕ್ಕೆ ಮೂಡಿ ಒಂದು ಜಾತಿಯ ಮೆಟ್ ಹಾರಿತು. ೧೯೯೧ರ ನಾಲ್ಕನೆಯದರಲ್ಲಿ ಇನ್ನೊಂದು ಜಾತಿ ನೀರಿನಲ್ಲಿ ಈಜಿತು. ಎಲ್ಲವುಗಳಲ್ಲಿಯೂ ಬೋರಲು ಬಿದ್ದ ಶಿರಸ್ತ್ರಾಣವನ್ನು ಕಂಡೊಡನೆ ಹಳೆಯ ಆಟಗಾರನ ಕೈ ತಾನಾಗಿ ತಡೆಯುತ್ತದೆ: ಈಗ ಹೊಡೆದು ಫಲವಿಲ್ಲ, ಏಳುವವರೆಗೆ ಕಾಯಬೇಕು. ಆ ನಾಲ್ಕನೆಯ ಆಟದಲ್ಲಿಯೇ ವೈಲಿಯ ಕೋಟೆಯ ಮೊದಲ ಪ್ರಾಂತದ ಕೊನೆಗೆ, ‘ಮೆಟ್‌ಗಳ ಅಪ್ಪ’ ಎಂಬ ಅರ್ಥದ ಹೆಸರಿನ ಒಂದು ದೈತ್ಯ ಎದುರಾಗುತ್ತದೆ. ಮೈ ಹತ್ತಾರು ಪಾಲು ಹಿಗ್ಗಿದೆ. ನೆಗೆದು ಬಿದ್ದರೆ ನೆಲವೇ ನಡುಗುತ್ತದೆ. ಆದರೂ ಗಟ್ಟಿಯಾಗಿರುವುದು ಅದರ ಶಿರಸ್ತ್ರಾಣ, ಗುರಿಯಿಡಬೇಕಾದುದು ಅದರ ಕೆಳಗಣ ಮುಖಕ್ಕೆ. ಮೊದಲ ಆಟದಲ್ಲಿ ಗಟ್ಸ್ ಮ್ಯಾನಿನ ಪ್ರಾಂತವನ್ನು ದಾಟಿ ಬಂದವರಿಗೆ ಇದನ್ನು ಮತ್ತೆ ಹೇಳಿಕೊಡಬೇಕಾಗಿರಲಿಲ್ಲ.